ಹಣೆಯ ಮೇಲಿನ ವಿಭೂತಿ

ವಿಜಾಪುರದ ಹೆಣದ ಕೋಣೆಯಲ್ಲಿ ಡಾಕ್ಟರರು ಹೇಳಿದ್ದನ್ನು ಬರೆದುಕೊಳ್ಳುವ ಗುರುಪಾದಯ್ಯ ಆರು ತಿಂಗಳಲ್ಲಿ ಕಲಿತ ವಿದ್ಯೆ ಒಂದೇ, ವಾಂತಿ ಬರುವ ಮೊದಲು ಕಾಗದ ದೂರ ಹಿಡಿಯುವುದು.

೧೯೪೩ರ ಆ ಬೆಳಗ್ಗೆ ಹೊನವಾಡದಿಂದ ಹೆಣ ಬಂತು. ಅಣ್ಣ ಪಿಸ್ತೂಲು ಹಣೆಗಿಟ್ಟು ತನ್ನೆದುರೇ ಹೊಡೆದುಕೊಂಡನೆಂದು ತಮ್ಮ ಈರಯ್ಯನ ಹೇಳಿಕೆ. ಹೆಣಕ್ಕೆ ಸ್ನಾನ ಮಾಡಿಸಿ, ಗುಂಡಿನ ತೂತಿನ ಮೇಲೆ ದಪ್ಪಗೆ ವಿಭೂತಿ ಬಳಿದಿದ್ದರು.

“ಒರಸ್ರಿ ಅಯ್ಯನವರ,” ಎಂದರು ಡಾಕ್ಟರರು. “ಹಣಿಗಿಟ್ಟು ಹೊಡಕೊಂಡ್ರ ಎಲುಬಿಗೆ ಮದ್ದಿನ ಮಸಿ ಹತ್ತೇ ಹತ್ತತೈತಿ. ತೊಳದ್ರೂ ಹೋಗಂಗಿಲ್ಲ.”

ಊರವರ ಹಣೆಗೆಲ್ಲ ವಿಭೂತಿ ಹಚ್ಚಿದ ಮನೆತನದ ಗುರುಪಾದಯ್ಯನ ಕೈ ಅದನ್ನು ಒರೆಸಿತು. ಡಾಕ್ಟರರು ಚರ್ಮ ಬಿಡಿಸಿದರು. ಎಲುಬಿನಲ್ಲಿ ಮಸಿಯಿರಲಿಲ್ಲ.

ಗುರುಪಾದಯ್ಯ ಹೊರಗೆ ಬಂದಾಗ ಈರಯ್ಯ ಕಾದಿದ್ದ. “ತಾನ ಹೊಡಕೊಂಡಾನಂತ ಬರದ್ರಿಲ್ರಿ?”

“ವಿಭೂತಿ ಯಾರು ಹಚ್ಚಿದ್ರಿ?”

“ನಾನ ರೀ. ಒಡಹುಟ್ಟಿದಾಂವ ಅಲ್ಲೇನ್ರಿ.”

ಹೆಣದ ಮುಂದೆ ಹೇಗೋ ತಡೆದುಕೊಂಡಿದ್ದ ಗುರುಪಾದಯ್ಯ ಆ ಬೆರಳುಗಳನ್ನು ನೋಡಿ ವಾಂತಿ ಮಾಡಿದ. ಕಾಗದ ಮಾತ್ರ ದೂರ ಹಿಡಿದಿದ್ದ. ಅದರಲ್ಲಿ ‘ಗುಂಡು ದೂರದಿಂದ ಬಂದದ್ದು’ ಎಂದು ಬರೆದಾಗಿತ್ತು.