ಒಂದು ಐಬು ಬರೆಯತಕ್ಕದ್ದು

ನನ್ನ ಮೇಜಿನ ಮೇಲೆ ಅಂಗೈಯಗಲದ ಒಂದು ಮಾವಿನ ಹಲಗೆಯ ತುಂಡಿದೆ. ಕಾಗದ ಹಾರದಂತೆ ಇಡುವುದಕ್ಕೆ ಎಂದು ನಾನು ಹೇಳುತ್ತೇನೆ, ಒಲೆಗೆ ಹಾಕುವುದಕ್ಕೆ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಈ ಭಿನ್ನಾಭಿಪ್ರಾಯದ ಫಲವಾಗಿ ಅದು ಎರಡು ಸಲ ಬಚ್ಚಲೊಲೆಯ ಬಾಯಿಯವರೆಗೆ ಪ್ರಯಾಣ ಮಾಡಿ, ನನ್ನ ಕೂಗಾಟದ ದೆಸೆಯಿಂದ ಹಿಂದಿರುಗಿ ಬಂದಿದೆ. ಮೇಲಿನಿಂದ ನೋಡಿದರೆ ಅದರಲ್ಲಿ ವಿಶೇಷವೇನಿಲ್ಲ, ಅಲ್ಲೊಂದು ಇಲ್ಲೊಂದು ಸಾಸಿವೆಕಾಳು ಹಿಡಿಸುವಷ್ಟು ತೂತು. ಸೀಳಿದ ಮಗ್ಗುಲನ್ನು ತಿರುಗಿಸಿದರೆ ಮಾತ್ರ ಒಳಗೆ ಮರವೆಂಬುದೇ ಉಳಿದಿಲ್ಲವೆಂದು ತಿಳಿಯುತ್ತದೆ. ಇರುವುದೆಲ್ಲ ಕಿರುಬೆರಳು ತೂರುವಂಥ ಸುರಂಗಗಳು. ನೀವು ನಮ್ಮ ಮನೆಗೆ ಬಂದರೆ ನನ್ನ ಎಂ.ಎಸ್ಸಿ. ಪದವಿಪತ್ರವನ್ನು ಹುಡುಕಬೇಕಾದೀತು, ಏಕೆಂದರೆ ಅದು ಬಾಗಿಲ ಹಿಂದೆ, ಕೊಡೆಯ ಮರೆಯಲ್ಲಿದೆ. ಆ ಪದವಿಗೆ ನನ್ನನ್ನು ಸೇರಿಸಿದ ಹಲಗೆ ಮಾತ್ರ ಎದುರಿಗೇ ಇದೆ.

ಅರವತ್ತರ ದಶಕ ಅರ್ಧ ದಾಟಿದ ಕಾಲ. ನಾನಾಗ ಕುಂದಾಪುರದ ಒಂದು ಕಾಲೇಜಿನಲ್ಲಿ ಕಪ್ಪೆ ಕೊಯ್ದು ತೋರಿಸುವ ಕೆಲಸದಲ್ಲಿದ್ದೆ. ಬೊಂಬಾಯಿಯ ಒಂದು ವಿಶ್ವವಿದ್ಯಾನಿಲಯದಲ್ಲಿ ಸಂಶೋಧನೆ ಮಾಡಿಯೇ ಎಂ.ಎಸ್ಸಿ. ಪಡೆಯಬಹುದು, ಪಾಠವಿಲ್ಲ, ಪರೀಕ್ಷೆಯಿಲ್ಲ, ಯಾರಿಗೂ ತಿಳಿಯದ ಒಂದು ಸಂಗತಿಯನ್ನು ಕಂಡುಹಿಡಿದು ಬರೆದರಾಯಿತು ಎಂದು ಯಾರೋ ಹೇಳಿದರು. ಪರೀಕ್ಷೆಯಿಲ್ಲವೆಂಬ ಶಬ್ದ ಕಿವಿಗೆ ಬಿದ್ದೊಡನೆ ನನ್ನಲ್ಲಿ ಜ್ಞಾನದಾಹ ಹುಟ್ಟಿತು. ಪ್ರವೇಶದ ನಿಯಮಾವಳಿಯನ್ನು ಅಂಚೆಯಲ್ಲಿ ತರಿಸಿದೆ. ಮಿತ್ರರೇ, ಯಾರಿಗೂ ತಿಳಿಯದ್ದನ್ನು ಹುಡುಕಹೊರಟವನಲ್ಲಿ ಎಲ್ಲರಲ್ಲಿಯೂ ಇರುವುದೆಲ್ಲ ಇರಲೇಬೇಕೆಂದು ಆ ಪುಸ್ತಿಕೆ ಹದಿನಾಲ್ಕು ಕಲಮುಗಳಲ್ಲಿ ವಿಧಿಸಿತ್ತು. ಎರಡನೆಯ ದರ್ಜೆ ಬೇಕು. ಅದು ನನಗೆ ಕೂದಲೆಳೆಯಲ್ಲಿ ಒದಗಿತ್ತು. ಬೇರೆ ವಿಶ್ವವಿದ್ಯಾನಿಲಯದಿಂದ ಬರುವವನಿಗೆ ಅಲ್ಲಿಂದ ಬಿಡುಗಡೆಯಾದ ಪತ್ರ ಬೇಕು. ಸನ್ನಡತೆಯ ಪತ್ರ ಬೇಕು. ಎಲ್ಲದರ ನಕಲಿಗೂ ಗೆಜೆಟೆಡ್ ಅಧಿಕಾರಿಯ ರುಜು ಬೇಕು. ನಮ್ಮ ಸೀಮೆಯಲ್ಲಿ ಅಂಥ ಅಧಿಕಾರಿಯೊಬ್ಬರನ್ನು ಹುಡುಕಿಕೊಂಡು ನಾನು ಬ್ರಹ್ಮಾವರದವರೆಗೆ ಹೋದೆ. ಅವರು ಪಶುವೈದ್ಯರು, ಆ ಹೊತ್ತಿಗೆ ಅವರ ಬಲಗೈ ಮೊಣಕೈಯವರೆಗೆ ಒಂದು ಎಮ್ಮೆಯ ಒಳಗಿತ್ತು. ನನ್ನ ಮೂಲಪ್ರತಿಗಳನ್ನು ದೂರದಿಂದಲೇ ಅವಲೋಕಿಸಿ, "ಎಲ್ಲ ಸಮ ಇತ್ತಲ್ದಾ?" ಎಂದು ಕೇಳಿದರು. ಇದೆ ಎಂದೆ. ಕೈ ತೊಳೆದು ಬಂದು ಒಂಬತ್ತು ನಕಲುಗಳಿಗೆ ರುಜು ಹಾಕಿದರು, ಎಮ್ಮೆಯೂ ಕ್ಷೇಮವಾಗಿ ಹೆತ್ತಿತು.

ತೊಂದರೆ ಕೊಟ್ಟದ್ದು ಕೊನೆಯ ಎರಡು ಕಲಮುಗಳು. ಒಂದು, ಅಭ್ಯರ್ಥಿ ಈವರೆಗೆ ಸ್ವತಃ ನಡೆಸಿದ ಕೆಲಸದ ವಿವರ. ಇನ್ನೊಂದು, ಆ ಕೆಲಸವನ್ನು ನೇರವಾಗಿ ಬಲ್ಲ ಇಬ್ಬರ ಪತ್ರ.

ಕೆಲಸವೇನೋ ನನ್ನಲ್ಲಿತ್ತು. ಎರಡು ವರ್ಷದಿಂದ ನಾನು ಬಿಡುವಾದಾಗಲೆಲ್ಲ ಸಾಸ್ತಾನದಲ್ಲಿ ಬಸ್ಸಿಳಿದು ಹಂಗಾರಕಟ್ಟೆಗೆ ನಡೆದು, ದೋಣಿ ಕಟ್ಟುವ ಮಂಜಯ್ಯ ಆಚಾರಿಯವರ ಕೊಟ್ಟಿಗೆಯಲ್ಲಿ ಕೂತಿರುತ್ತಿದ್ದೆ. ದೋಣಿಯ ಹಲಗೆಯನ್ನು ನೀರೊಳಗೇ ಕೊರೆದು ತಿನ್ನುವ ಹುಳುವೊಂದಿದೆ. ಯಾವ ಮರವನ್ನು ಅದು ಬೇಗ ತಿನ್ನುತ್ತದೆ, ಯಾವ ಎಣ್ಣೆ ಬಳಿದರೆ ಹಿಂಜರಿಯುತ್ತದೆ, ಯಾವ ತಿಂಗಳಲ್ಲಿ ಅದಕ್ಕೆ ಹಸಿವು ಹೆಚ್ಚು ಎಂಬುದನ್ನು ತಿಳಿಯಲು ಆಚಾರಿಯವರದೇ ಒಂದು ಕ್ರಮವಿತ್ತು. ತೆಂಗಿನ ಹಗ್ಗಕ್ಕೆ ಹನ್ನೆರಡು ಮರದ ತುಂಡುಗಳನ್ನು ಕಟ್ಟಿ ಹೊಳೆಬಾಯಿಯಲ್ಲಿ ಇಳಿಬಿಡುವುದು. ಪ್ರತಿ ಅಮಾವಾಸ್ಯೆಯ ಬೆಳಗಿನ ಇಳಿತದಲ್ಲಿ, ನೀರು ತಗ್ಗಿದಾಗ, ಒಂದೊಂದನ್ನೇ ತೆಗೆದು, ಸೀಳಿ, ತೂತು ಎಣಿಸುವುದು. ಅವರಿಗೆ ಅಕ್ಷರ ಬಾರದು, ಎಣಿಕೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳುತ್ತಿದ್ದರು. ಅದನ್ನು ಪುಸ್ತಕದಲ್ಲಿ ಗೀಟು ಹಾಕಿ ಬರೆಯತೊಡಗಿದ್ದು ನಾನು, ಬರೆದದ್ದರಿಂದ ಅದು ನನ್ನ ಸಂಶೋಧನೆಯಾಯಿತು. ವಿದ್ಯೆಯ ಮಹಿಮೆ ಅಷ್ಟು ದೊಡ್ಡದು.

ಎರಡನೆಯ ವರ್ಷದಲ್ಲಿ ಒಂದು ಅಮಾವಾಸ್ಯೆಗೆ ಆಚಾರಿಯವರು ಗಂಗೊಳ್ಳಿಯ ಒಂದು ದೋಣಿಯ ರಿಪೇರಿಗೆ ಹೋಗುವವರಿದ್ದರು. "ಹಗ್ಗ ನೀವೇ ತೆಗಿನಿ ಮಾಷ್ಟ್ರೆ, ಇಳಿತ ತಪ್ಪ್ಸಬೇಡಿ" ಎಂದು ನನಗೆ ಒಪ್ಪಿಸಿದರು. ಅದರ ಹಿಂದಿನ ದಿನವೇ ಬೈಂದೂರಿನ ಕಡೆ ಕೋಳಿ ಅಂಕ, ಹುಂಜಗಳ ಕಾಳಗ. ಅಲ್ಲಿಗೆ ನನ್ನನ್ನು ಎಳೆದುಕೊಂಡು ಹೋದವರು ಹಟ್ಟಿಯಂಗಡಿಯ ನನ್ನ ಮಾವ, ನನ್ನ ಅಮ್ಮನ ಅಣ್ಣ. ನಮ್ಮದು ಅಳಿಯಕಟ್ಟಿನ ಮನೆ, ಯಜಮಾನಿಕೆ ಮಾವನದು. ಮಾವ ಕರೆದಾಗ ಬರುವುದಿಲ್ಲವೆನ್ನುವ ಪದ್ಧತಿ ಇರಲಿಲ್ಲ, ಹಾಗೆನ್ನುವ ಇಚ್ಛೆ ನನಗೂ ಇರಲಿಲ್ಲ. ಮಾವನ ಹುಂಜ ಗೆದ್ದಿತು, ಸೋತ ಹುಂಜ ಪದ್ಧತಿಯಂತೆ ನಮ್ಮ ಪಾಲಾಯಿತು, ನೆಂಟರ ಮನೆಯಲ್ಲಿ ಅದರ ಸಾರು ಉಂಡು ಮಲಗಿದವನಿಗೆ ಎಚ್ಚರವಾದಾಗ ಬಿಸಿಲು ಅಂಗಳಕ್ಕೆ ಬಂದಿತ್ತು. ಆ ವಾರದ ಕೊನೆಯಲ್ಲಿ ಆಚಾರಿಯವರ ಎದುರು ನಿಂತು, "ತೆಗೆದೆ, ಎಣಿಸಿದೆ, ನಲವತ್ತೊಂದಿತ್ತು, ಆಮೇಲೆ ತುಂಡು ಕೈಜಾರಿ ಹೊಳೆಗೆ ಬಿತ್ತು" ಎಂದೆ. ಅವರು ತಲೆಯಾಡಿಸಿ ಉಳಿ ಮಸೆಯುತ್ತ ಕೂತರು. ಬೈದಿದ್ದರೆ ಎಷ್ಟೋ ಸುಖವಿತ್ತು. ಮುಂದಿನ ಭಾನುವಾರ ಹೋದವನು ಕೊಟ್ಟಿಗೆಯ ಹೊಸ್ತಿಲಲ್ಲಿಯೇ ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟೆ. ಅವರು, "ಹೋಯ್ಲಿ ಬಿಡಿ. ಆ ಅಮಾಸಿ ಎದ್ರಿಗೆ ಎಂತದೂ ಬರಿಬೇಡಿ" ಎಂದರು. ತೆಗೆಯದೆ ಬಿಟ್ಟ ಆ ತುಂಡು ಇನ್ನೊಂದು ತಿಂಗಳು ನೀರಲ್ಲೇ ಇದ್ದು, ಆ ತಿಂಗಳ ಹಸಿವಿಗೂ ಆಹಾರವಾಗಿ ಮೇಲೆ ಬಂತು. ಯಾವ ಲೆಕ್ಕಕ್ಕೂ ಸೇರದ ಅದನ್ನು ಅವರು ಕೊಟ್ಟಿಗೆಯ ಮಾಡಿಗೆ, ಸೂರಿನ ಸಂದಿಯಲ್ಲಿ, ಸಿಕ್ಕಿಸಿಟ್ಟರು.

ಅರ್ಜಿಗಾಗಿ ಇಪ್ಪತ್ತನಾಲ್ಕು ತಿಂಗಳ ಪಟ್ಟಿಯನ್ನು ಕಪ್ಪು ಶಾಯಿಯಲ್ಲಿ ಬರೆಯುವಾಗ ಆ ಒಂದು ಖಾಲಿ ಮನೆ ನನ್ನನ್ನು ಅಣಕಿಸಿತು. ಹಿಂದಿನ ತಿಂಗಳು ಮೂವತ್ತೆಂಟು, ಮುಂದಿನ ತಿಂಗಳು ನಲವತ್ತನಾಲ್ಕು; ನಡುವೆ ನಲವತ್ತೊಂದಲ್ಲದೆ ಇನ್ನೇನಿದ್ದೀತು? ಸುಳ್ಳಾದರೂ ಸರಾಸರಿಯ ಸುಳ್ಳು, ಗಣಿತದ ಆಧಾರವಿದ್ದದ್ದು. ಬರೆದುಬಿಟ್ಟೆ. ಆಮೇಲೆ ಕೆಲಸ ಬಲ್ಲ ಇಬ್ಬರನ್ನು ಹುಡುಕಬೇಕಷ್ಟೆ. ದೋಣಿ ಕೆತ್ತುವವರ ಹೆಸರು ಕೊಟ್ಟರೆ ಬೊಂಬಾಯಿಯವರು ನಕ್ಕಾರೆಂದು ನಾನು ಒಬ್ಬ ವಕೀಲರನ್ನೂ ಒಬ್ಬ ಡಾಕ್ಟರನ್ನೂ ಹಿಡಿದೆ. ವಕೀಲರು ನನ್ನ ಹೆಸರನ್ನು ಎರಡು ಸಲ ಕೇಳಿಕೊಂಡು, ಈತನನ್ನು ಬಾಲ್ಯದಿಂದ ಬಲ್ಲೆ ಎಂದು ಬರೆದರು. ಡಾಕ್ಟರು, ಈತ ಹಲವು ವರ್ಷಗಳಿಂದ ನನ್ನ ಅವಲೋಕನದಲ್ಲಿದ್ದಾನೆ ಎಂದು ಬರೆದರು; ನಾನು ಅವರಲ್ಲಿಗೆ ಹೋದದ್ದು ಒಂದು ಕುರು ಒಡೆಸಿಕೊಳ್ಳುವುದಕ್ಕೆ, ಒಂದೇ ಸಲ.

ಇದನ್ನು ಕೇಳಿ ಮಾವನಿಗೆ ಕೋಪ ಬಂತು. ಮಾವ ಎಳವೆಯಲ್ಲಿ ಬೊಂಬಾಯಿಯ ಹೋಟೆಲುಗಳಲ್ಲಿ ದುಡಿದು ಊರಿಗೆ ಮರಳಿದವರು. ಸುತ್ತಿನ ಗ್ರಾಮಗಳಿಂದ ಹೋಟೆಲು ಕೆಲಸಕ್ಕೆ ಹೋಗುವವರೆಲ್ಲ ಅವರ ಕಾಗದವನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡೇ ಹೊರಡುತ್ತಿದ್ದರು. ಶಿಫಾರಸಿನ ಕಾಗದ ಅಂಚೆಯಲ್ಲಿ ಹೋಗಬಾರದು, ಮನುಷ್ಯನ ಕೈಯಲ್ಲೇ ಹೋಗಬೇಕು ಎಂಬುದು ಅವರ ಮೊದಲನೆಯ ನಿಯಮ. ಅದರಲ್ಲಿ ಒಂದು ಐಬನ್ನು ಬರೆಯಲೇಬೇಕು ಎಂಬುದು ಎರಡನೆಯದು. ಒಬ್ಬನ ಬಗ್ಗೆ, 'ನಿದ್ದೆಯಲ್ಲಿ ಮಾತಾಡುತ್ತಾನೆ' ಎಂದಿರುತ್ತಿತ್ತು. ಇನ್ನೊಬ್ಬನ ಬಗ್ಗೆ, 'ಸಿಹಿ ಕಂಡರೆ ತಡೆಯುವವನಲ್ಲ, ಮಿಠಾಯಿಯ ಕಪಾಟಿನ ಹತ್ತಿರ ನಿಲ್ಲಿಸಬೇಡಿ.' ಏಕೆ ಹೀಗೆ ಎಂದು ಹಿಂದೊಮ್ಮೆ ಕೇಳಿದ್ದೆ. "ಐಬ್ ಬರೀದಿರೆ ಯಾರ್ ನಂಬ್ತ್ರ್ ಮಾರಾಯಾ?" ಎಂದಿದ್ದರು. "ಐಬೇ ಇಲ್ದಿದ್ದಂವ ಅಂದ್ರೆ, ಕಾಗ್ದ ಬರ್ದಂವ್ಗೆ ಅವ್ನ ಗುರ್ತೇ ಇಲ್ಲೆ ಅಂದೇಳಿ ಅರ್ಥ." ನನ್ನ ಎರಡು ಪತ್ರಗಳನ್ನು ಕನ್ನಡ ಮಾಡಿ ಓದಿಸಿಕೊಂಡು ಕೇಳಿದ ಅವರು ಮೀಸೆ ತಿರುವಿ ಎದ್ದುಹೋದರು. ನಾನು ನಿಶ್ಚಿಂತೆಯಿಂದ ಅರ್ಜಿಯನ್ನು ಅಂಚೆಗೆ ಹಾಕಿದೆ.

ಸಂದರ್ಶನಕ್ಕೆ ಕರೆ ಬಂತು. ಬೊಂಬಾಯಿಯ ಆ ಕೋಣೆಯಲ್ಲಿ ಮೂವರು ಕೂತಿದ್ದರು. ನಡುವಿನ ಪ್ರೊಫೆಸರರು ನನ್ನ ಕಾಗದಗಳನ್ನು ಒಂದೊಂದಾಗಿ ಮಗುಚಿ, ಎಲ್ಲ ಕ್ರಮಬದ್ಧವಾಗಿದೆ ಎಂದರು. ನಾನು ಒಳಗೊಳಗೇ ಆ ಎಮ್ಮೆಗೆ ಕೈಮುಗಿದೆ. ಆಗ ಅವರು ಮೇಜಿನ ಖಾನೆಯಿಂದ ಹಳೆಯ ಕನ್ನಡ ಪೇಪರಿನಲ್ಲಿ ಸುತ್ತಿದ ಒಂದು ಗಂಟನ್ನು ತೆಗೆದು ಬಿಚ್ಚಿದರು. ಒಳಗಿದ್ದದ್ದು ಆಚಾರಿಯವರ ಮಾಡಿನಲ್ಲಿ ಸಿಕ್ಕಿಸಿದ್ದ ಹಲಗೆಯ ತುಂಡು.

ನಡೆದದ್ದಿಷ್ಟು. ಕೋಪಿಸಿಕೊಂಡು ಎದ್ದುಹೋದ ಮಾವ ಮರುದಿನವೇ ಹಂಗಾರಕಟ್ಟೆಗೆ ಹೋಗಿ, ನನ್ನ ಕೆಲಸವನ್ನು ಬಲ್ಲ ಆಚಾರಿಯವರು ಹೇಳಿದಂತೆ ಕಾಗದ ಬರೆದು, ಬೊಂಬಾಯಿಗೆ ಹೊರಟ ಒಬ್ಬರ ಕೈಯಲ್ಲಿ ಹಲಗೆಯ ಸಮೇತ ಕೊಟ್ಟು ಕಳಿಸಿದ್ದರು. ಅದು ಮೊದಲು ತಲುಪಿದ್ದು ವಿಶ್ವವಿದ್ಯಾನಿಲಯದ ಎದುರಿನ ಹೋಟೆಲಿಗೆ. ಅಲ್ಲಿ ಗಲ್ಲದಲ್ಲಿ, ಎಂದರೆ ಹಣದ ಪೆಟ್ಟಿಗೆಯ ಮುಂದೆ, ಕೂರುತ್ತಿದ್ದ ನಮ್ಮೂರಿನವರೂ ಮಾವನ ಕಾಗದದಿಂದಲೇ ಕೆಲಸಕ್ಕೆ ಸೇರಿದ್ದವರು. ದಿನಾ ತಿಂಡಿಗೆ ಬರುವ ಪ್ರೊಫೆಸರರಿಗೆ ಅವರೇ ಅದನ್ನು ಹಿಂದಿಯಲ್ಲಿ ಓದಿಹೇಳಿದ್ದರು. ಪ್ರೊಫೆಸರರು ಅದನ್ನು ಬರೆದುಕೊಂಡಿದ್ದರು, ಈಗ ಗಟ್ಟಿಯಾಗಿ ಓದಿದರು. ಹುಡುಗ ನನ್ನ ತಂಗಿಯ ಮಗ. ಬೆಳಗಿನ ನಾಲ್ಕಕ್ಕೆ ಏಳುವ ಅಭ್ಯಾಸವಿದೆ. ಊಟತಿಂಡಿಯಲ್ಲಿ ತಕರಾರಿಲ್ಲ. ಎದುರು ಮಾತಾಡುವವನಲ್ಲ. ಐಬು: ಎರಡು ವರ್ಷದಲ್ಲಿ ಒಂದು ಅಮಾವಾಸ್ಯೆಗೆ ಹಗ್ಗ ತೆಗೆಯದೆ, ತೆಗೆದೆನೆಂದು ಆಚಾರಿಯವರಿಗೆ ಸುಳ್ಳು ಹೇಳಿದ್ದಾನೆ. ಮುಂದಿನ ವಾರ ತಾನೇ ಬಂದು ಒಪ್ಪಿಕೊಂಡಿದ್ದಾನೆ. ಅದರ ಹಿಂದಿನ ದಿನ ಅವನನ್ನು ಕೋಳಿ ಅಂಕಕ್ಕೆ ಕರೆದುಕೊಂಡು ಹೋದದ್ದು ನಾನು, ಅರ್ಧ ಐಬು ನನ್ನದು. ಆ ತುಂಡನ್ನು ಇದರೊಡನೆ ಕಳಿಸಿದೆ.

ಓದಿ ಮುಗಿಸಿ ಅವರು ನನ್ನ ಪಟ್ಟಿಯ ಆ ಮನೆಯ ಮೇಲೆ ಬೆರಳಿಟ್ಟರು. ಈ ಕಾಗದದ ಪ್ರಕಾರ ಆ ದಿನ ಯಾರೂ ಏನನ್ನೂ ಎಣಿಸಿಲ್ಲ, ನಿಮ್ಮ ಪ್ರಕಾರ ನಲವತ್ತೊಂದು, ಯಾವುದು ನಿಜ ಎಂದು ಕೇಳಿದರು. ಸೀಟು ಹೋಯಿತೆಂದು ನನಗೆ ಖಚಿತವಾಯಿತು. ಹೋದ ಸೀಟಿಗಿಂತ, ಒಮ್ಮೆ ಒಪ್ಪಿಕೊಂಡ ಸುಳ್ಳನ್ನು ಮತ್ತೆ ಬರೆದೆನಲ್ಲ ಎಂಬುದೇ ಹೆಚ್ಚು ಉರಿಯಿತು. ಕಾಗದ ನಿಜ ಎಂದೆ. ಮೂವರಲ್ಲೊಬ್ಬರು ಕೋಳಿ ಅಂಕವೆಂದರೇನೆಂದು ಕೇಳಿ ತಿಳಿದುಕೊಂಡು, ಹುಂಜ ಗೆದ್ದಿತೇ ಎಂದು ವಿಚಾರಿಸಿದರು. ಗೆದ್ದಿತು ಎಂದೆ. ಪ್ರೊಫೆಸರರು ನಗಲಿಲ್ಲ. ಈ ಕಟ್ಟಿನಲ್ಲಿ ಹದಿನಾರು ಅರ್ಜಿಗಳಿವೆ, ಮೂವತ್ತೆರಡು ಪತ್ರಗಳಿವೆ, ಎಲ್ಲರೂ ದೇವರಂಥವರು, ಮನುಷ್ಯನೊಬ್ಬ ಸಿಕ್ಕಿದ್ದು ಈ ಮೂವತ್ತಮೂರನೆಯದರಲ್ಲಿ ಎನ್ನುತ್ತ ತಮ್ಮ ಪೆನ್ನನ್ನು ನನ್ನ ಕಡೆ ಚಾಚಿದರು. ನಾನು ನಲವತ್ತೊಂದನ್ನು ಹೊಡೆದುಹಾಕಿ, ಪಕ್ಕದಲ್ಲಿ 'ನೋಡಿಲ್ಲ' ಎಂದು ಬರೆದು ರುಜು ಹಾಕಿದೆ. ಕಚೇರಿಗೆ ಹೋಗಿ ಸೇರಿಕೊಳ್ಳಿ, ಈ ಹಲಗೆಯನ್ನೂ ತೆಗೆದುಕೊಂಡು ಹೋಗಿ ಎಂದರು.

ಊರಿಗೆ ಬಂದವನು ನೇರವಾಗಿ ಹಂಗಾರಕಟ್ಟೆಗೆ ಹೋದೆ. ಸಂತೋಷದಷ್ಟೇ ಸಿಟ್ಟೂ ಇತ್ತು.

"ಸೀಟ್ ಸಿಕ್ತಾ?" ಎಂದರು ಆಚಾರಿಯವರು.

"ಸಿಕ್ತ್. ಎರಡು ವರ್ಷ ಬಂದ್ ಕೂತಿದ್ದೆ ಆಚಾರ್ರೆ, ಬರ್ಸುಕೆ ನಿಮ್ಗೆ ಅದೊಂದೇ ಸಿಕ್ಕಿದ್ದಾ?"

ಅವರು ಉಳಿಯನ್ನು ಕೆಳಗಿಟ್ಟರು. "ಮತ್ತೆಂತ ಬರ್ಸ್ಕಿತ್ತ್ ಮಾಷ್ಟ್ರೆ? ನೀವ್ ಬರೂದ್, ಕೂಕಂಬುದ್, ಎಣ್ಸುದ್, ಅದನ್ನೆಲ್ಲ ಯಾರ್ ಬೇಕಾರೂ ಮಾಡ್ತ್ರ್. ನಾ ಕೇಳ್ದೆನೇ ನೀವೇ ಬಂದ್ ಹೇಳ್ದ್ರಿ ಅಲ್ದಾ? ನಿಮ್ ಬಗ್ಗೆ ನಂಗ್ ಖಾತ್ರಿ ಗೊತ್ತಿಪ್ದ್ ಅದೊಂದೇ."

ಇದೆಲ್ಲ ಆಗಿ ಐದಾರು ವರ್ಷ ಕಳೆಯಿತು. ಹುಳುವಿನ ಮೇಲೆ ಪ್ರಬಂಧ ಬರೆದೆ. ಮೊದಲ ಪುಟದಲ್ಲಿಯೇ ಆಚಾರಿಯವರ ಹೆಸರು ಹಾಕಿದೆ. ಪದವಿ ಪಡೆದು ಕುಂದಾಪುರಕ್ಕೆ ಮರಳಿ ಪಾಠ ಹೇಳುತ್ತಿದ್ದೇನೆ. ಈಗ ಶಿಫಾರಸಿನ ಪತ್ರ ಬೇಡಿಕೊಂಡು ವಿದ್ಯಾರ್ಥಿಗಳು ನನ್ನಲ್ಲಿಗೇ ಬರುತ್ತಾರೆ. ಮಾವನ ನಿಯಮದಂತೆ ನಾನೂ ಒಂದೊಂದು ಐಬು ಬರೆಯುತ್ತೇನೆಂಬ ಸುದ್ದಿ ಹಬ್ಬಿದಂದಿನಿಂದ ಬರುವವರು ಕಡಿಮೆಯಾಗಿದ್ದಾರೆ, ನನಗೆ ಬಿಡುವು ಹೆಚ್ಚಾಗಿದೆ.

ಆದರೂ ಈ ವಾರ ವಾರಿಜ ಎಂಬ ವಿದ್ಯಾರ್ಥಿನಿ ಬಂದು, ಸಂಶೋಧನೆಗೆ ಸೇರಬೇಕೆಂದಿದ್ದೇನೆ, ಕಾಗದ ಬೇಕು ಎಂದಳು. ಇವತ್ತು ಬರೆಯಲು ಕೂತೆ. ಬುದ್ಧಿವಂತೆ, ಶ್ರದ್ಧಾವಂತೆ, ತರಗತಿ ತಪ್ಪಿಸಿದವಳಲ್ಲ. ಇದೆಲ್ಲ ಐದು ನಿಮಿಷದಲ್ಲಿ ಸರಾಗವಾಗಿ ಬಂತು, ಆ ವಕೀಲರಿಗೂ ಹೀಗೆಯೇ ಬಂದಿರಬೇಕು. ಆಮೇಲೆ 'ಐಬು' ಎಂದು ಬರೆದು ಎರಡು ಚುಕ್ಕೆ ಇಟ್ಟು, ಪೆನ್ನು ಹಿಡಿದುಕೊಂಡು ತುಂಬ ಹೊತ್ತು ಕೂತೆ. ಎರಡು ವರ್ಷ ಎದುರಿನ ಬೆಂಚಿನಲ್ಲಿ ಕೂತವಳ ಒಂದೇ ಒಂದು ಐಬು ನನಗೆ ಗೊತ್ತಿರಲಿಲ್ಲ. ಕಡೆಗೆ, ಬೊಂಬಾಯಿಯಲ್ಲಿ ಬರೆದ ಶಬ್ದವನ್ನೇ ಅಲ್ಲಿಯೂ ಬರೆದೆ: ನೋಡಿಲ್ಲ. ಆ ಐಬು ಅವಳದಲ್ಲ, ನೋಡದೆ ಉಳಿದ ನನ್ನದು. ಕಾಗದವನ್ನು ಹಲಗೆಯ ಕೆಳಗಿಟ್ಟು, ನಾಳೆ ಬೆಳಗಿನ ಇಳಿತಕ್ಕೆ ಹಗ್ಗ ತೆಗೆಯಲು ಹಂಗಾರಕಟ್ಟೆಗೆ ಬಾ, ನಾನೂ ಬರುತ್ತೇನೆ ಎಂದು ಅವಳಿಗೆ ಹೇಳಿಕಳಿಸಿದ್ದೇನೆ.