ಮೂರು ಸಲ ಕೇಳುತ್ತಿದ್ದ ಸರೋಜಾ ಮಿಸ್

ಸರೋಜಾ ಮಿಸ್ ಹೇಳುತ್ತಿದ್ದ ಕಥೆಗಳಲ್ಲಿ ಮೋಸಗಾರನನ್ನು ಹುಲಿ ತಿನ್ನುತ್ತಿರಲಿಲ್ಲ, ರಾಜ ಗಡೀಪಾರು ಮಾಡುತ್ತಿರಲಿಲ್ಲ. ಮೇಕೆ ಕದ್ದ ನರಿಯನ್ನು ಮುದುಕಿಯೊಬ್ಬಳು ಎದುರಿಗೆ ಕೂರಿಸಿಕೊಂಡು "ನಿನ್ನೆ ಎಲ್ಲಿದ್ದೆ?" ಎಂದು ಮೂರು ಸಲ ಕೇಳುತ್ತಿದ್ದಳು, ಅಷ್ಟೆ. ಮೂರನೇ ಸಲಕ್ಕೆ ನರಿಯ ಮಾತು ಬದಲಾಗುತ್ತಿತ್ತು.

"ಕೂಗಾಡಬಾರ್ದು ಕಣ್ರೋ. ಸುಳ್ಳು ಹೇಳೋನಿಗೆ ಆಗ ಏನ್ ಹೇಳ್ದೆ ಅನ್ನೋದೇ ನೆನಪಿರಲ್ಲ" ಎನ್ನುತ್ತಿದ್ದರು ಮಿಸ್.

ನರ್ಸರಿ ಶಾಲೆಯಿಂದ ನಿವೃತ್ತರಾಗಿ ಕುರುಬರಹಳ್ಳಿಯ ನಮ್ಮ ಬೀದಿಯಲ್ಲಿ ಒಬ್ಬರೇ ಇದ್ದರು. ಶನಿವಾರ ಸಂಜೆ ಅವರ ಮನೆ ಮೆಟ್ಟಿಲ ಮೇಲೆ ಕಥೆ. ಎಂಟನೇ ತರಗತಿಯಲ್ಲಿದ್ದ ನಾನು ಯಾವ ಕಥೆ, ಎಷ್ಟು ಮಕ್ಕಳು ಎಂದು ಬರೆದಿಡುತ್ತಿದ್ದೆ. ಯಾರಾದರೂ ಚಕ್ಕುಲಿ ಕದ್ದರೆ ಮಿಸ್ ಮೂರು ಸಲ ಕೇಳುತ್ತಿದ್ದರು, ನಾನು ಮೂರೂ ಉತ್ತರ ಬರೆಯುತ್ತಿದ್ದೆ. "ನೀನು ನನ್ನ ಪೊಲೀಸ್ ಕಣೇ" ಎಂದು ನಗುತ್ತಿದ್ದರು.

ನಲವತ್ತೊಂದನೇ ಶನಿವಾರ, ಹನ್ನೊಂದು ಮಕ್ಕಳು. ಕಥೆ ಮುಗಿಯುವಷ್ಟರಲ್ಲಿ ನಾಲ್ಕು ವರ್ಷದ ಪಿಂಕಿಯ ಕೊರಳಲ್ಲಿ ಚಿನ್ನದ ಸರ ಇರಲಿಲ್ಲ. ಅವಳಪ್ಪ ಓಡಿ ಬಂದರು. ಡ್ಯಾನ್ಸ್ ಕ್ಲಾಸಿನಿಂದ ಅವಳನ್ನು ತಂದು ಬಿಟ್ಟಿದ್ದ ಆಟೋ ಡ್ರೈವರನೂ ಜೊತೆಗಿದ್ದ.

"ಮೂರು ಸಲ ಕೇಳಿ ಅಂಕಲ್!" ಮಕ್ಕಳು ಕೂಗಿದರು.

ಅವರು ಕೇಳಿದರು. ಡ್ರೈವರ್ ಮೂರು ಸಲವೂ ಒಂದೇ ಮಾತು ಹೇಳಿದ: "ಇಳಿಸೋವಾಗ ಇತ್ತು ಸಾರ್, ನಾನೇ ನೋಡಿದೀನಿ."

ಆಮೇಲೆ ಮಿಸ್ಸನ್ನೂ ಕೇಳಿದರು. ಮಿಸ್ ಮೊದಲು "ಇತ್ತು" ಎಂದರು. ಪಿಂಕಿಯ ಅಪ್ಪನ ದನಿ ಏರಿತು. ಎರಡನೇ ಸಲ ಮಿಸ್ "ಇರ್ಲಿಲ್ಲ ಅನ್ಸುತ್ತೆ" ಎಂದರು. ಮೂರನೇ ಸಲ ಸೆರಗಿನ ತುದಿ ಹಿಂಡುತ್ತಾ, "ನಾನು ಗಮನಿಸ್ಲಿಲ್ಲಪ್ಪ" ಎಂದರು.

"ಏನಮ್ಮ ಬರ್ದಿದೀಯ, ಓದು" ಎಂದು ಪಿಂಕಿಯ ಅಪ್ಪ ನನ್ನ ಕಡೆ ತಿರುಗಿದರು.

ಓದಿದೆ. ಒಂದಕ್ಷರ ಬಿಡದೆ ಓದಿದೆ. ಒಬ್ಬ ಹುಡುಗ ಚಪ್ಪಾಳೆ ತಟ್ಟಿ, "ಮಿಸ್ಸೇ ನರಿ!" ಎಂದ. ಯಾರೂ ಅವನನ್ನು ಗದರಲಿಲ್ಲ.

"ವಯಸ್ಸಾದೋರು ಅಂತ ಸುಮ್ನಿದೀನಿ" ಎಂದು ಪಿಂಕಿಯ ಅಪ್ಪ ಮಗಳನ್ನು ಎತ್ತಿಕೊಂಡು ಹೊರಟರು.

ಮುಂದಿನ ಶನಿವಾರ ಮಕ್ಕಳು: ಸೊನ್ನೆ. ನಾನೂ ಹೋಗಲಿಲ್ಲ, ಎದುರಿನ ಬಾಲ್ಕನಿಯಿಂದ ನೋಡಿ ಬರೆದೆ. ಮಿಸ್ ಕತ್ತಲಾಗುವವರೆಗೂ ಮೆಟ್ಟಿಲ ಮೇಲೆ ಕೂತಿದ್ದರು. ನಾಲ್ಕು ಸೊನ್ನೆಗಳಾದ ಮೇಲೆ ಮನೆ ಖಾಲಿ ಮಾಡಿದರು.

ಆ ಡ್ರೈವರ್ ಮರುವರ್ಷ ಇನ್ನೊಂದು ಮಗುವಿನ ಸರ ಬಿಚ್ಚುವಾಗ ಸಿಕ್ಕಿಬಿದ್ದ. ಪಿಂಕಿಯದೂ ತಾನೇ ತೆಗೆದದ್ದೆಂದು ಒಪ್ಪಿಕೊಂಡ. ಮಿಸ್ ಎಲ್ಲಿದ್ದಾರೆಂದು ಯಾರೂ ವಿಚಾರಿಸಲಿಲ್ಲ. ಕೆಂಗೇರಿಯ ಒಂದು ವೃದ್ಧಾಶ್ರಮದಲ್ಲಿ ಅವರನ್ನು ನಾನು ಕಂಡದ್ದು ಡಿಗ್ರಿ ಸೇರಿದ ಮೇಲೆ. ವಿಷಯ ಹೇಳಿದೆ.

"ಮಕ್ಕಳಿಗೆ ಹೇಳಿದ್ರಾ?"

"ಇಲ್ಲ ಮಿಸ್."

"ನೀನು?"

ಹದಿನಾರು ದಿನಗಳ ನಂತರ ಅವರು ತೀರಿಕೊಂಡರೆಂದು ಆಶ್ರಮದಿಂದ ಫೋನ್ ಬಂತು.

ಆ ಹನ್ನೊಂದರಲ್ಲಿ ಇವತ್ತಿನವರೆಗೆ ನಾಲ್ವರನ್ನು ಹುಡುಕಿ ಹೇಳಿದ್ದೇನೆ. ನಾಲ್ಕನೆಯವನು ಮೊಬೈಲಿನಿಂದ ತಲೆ ಎತ್ತದೆ ಎಲ್ಲ ಕೇಳಿಸಿಕೊಂಡು, "ಯಾವ ಮಿಸ್, ಅಕ್ಕ?" ಎಂದ.