ಉಸಿರು ಬಿಗಿಹಿಡಿದು ನೋಡಿದ ಚಿನ್ನ

ಸ್ಯಾನ್ ಫ್ರಾನ್ಸಿಸ್ಕೋದ ಮ್ಯೂಸಿಯಮ್ಮಿನಲ್ಲಿ ವಿಯೆನ್ನಾದ ಸೆಸೆಶನ್ ಚಿತ್ರಕಾರರ ಪ್ರದರ್ಶನ. ನೂರು ವರ್ಷಕ್ಕೂ ಹಿಂದೆ, ಹಳೆಯ ಕಲಾಸಂಘದ ಸಹವಾಸವೇ ಸಾಕೆಂದು ಹೊರಬಿದ್ದ ಗಟ್ಟಿಗರು ಅವರು. ಜನವೆಲ್ಲ ಚಿನ್ನ ಹೊದಿಸಿದ ಒಂದು ಚಿತ್ರದ ಎದುರು ನಿಂತಿದ್ದರೆ ನಮ್ಮ ಶಾರದತ್ತೆ ಮಾತ್ರ ಪಕ್ಕಕ್ಕೆ ಸರಿದು, ಮಂಡಿ ಬಗ್ಗಿಸಿ, ಸೆರಗಿನಿಂದ ಮೂಗು ಬಾಯಿ ಮುಚ್ಚಿಕೊಂಡು ಓರೆಯಾಗಿ ನೋಡುತ್ತಿದ್ದರು. ಕಾವಲಿನವನು ಗಾಬರಿಯಾಗಿ ಕುರ್ಚಿ ಹೊತ್ತು ಓಡಿಬಂದ.

“ಅಜ್ಜೀ, ಆರ್ ಯು ಓಕೆ ಅಂತಿದಾನೆ,” ಎಂದಳು ಬರ್ಕ್ಲಿಯಲ್ಲಿ ಓದುವ ಮೊಮ್ಮಗಳು ಮೇಘಾ.

“ನಂಗೇನಾಗಿದೆ? ಉಸಿರು ತಾಗಿದ್ರೆ ರೇಕು ಹಾರಿಹೋಗತ್ತೆ ಕಣೇ!”

ಮೈಸೂರಿನಲ್ಲಿ ನಲವತ್ತು ವರ್ಷ ದೇವರ ಪಟಗಳಿಗೆ ಚಿನ್ನದ ರೇಕು ಅಂಟಿಸಿದ ಅಭ್ಯಾಸ ಅದು. ಕೈ ನಡುಗಿ, ರೇಕು ರೇಕಿನ ನಡುವಿನ ಜೋಡಣೆಯ ಗೆರೆ ಕಾಣತೊಡಗಿದ ದಿನವೇ ಕೆಲಸ ಬಿಟ್ಟಿದ್ದರು. ಮೇಘಾ ಒಂದು ಸರಸ್ವತಿ ಪಟ ಬೇಕೆಂದು ಎರಡು ವರ್ಷದಿಂದ ಗೋಗರೆದರೂ ಜಗ್ಗಿರಲಿಲ್ಲ.

“ಇಲ್ನೋಡೋ,” ಎಂದು ನನ್ನ ತೋಳು ಎಳೆದರು. ಓರೆಬೆಳಕಿನಲ್ಲಿ, ಚಿತ್ರದ ಹೆಂಗಸಿನ ಚಿನ್ನದ ಉಡುಪಿನ ತುಂಬ ಚೌಕ ಚೌಕವಾಗಿ ಜೋಡಣೆಯ ಗೆರೆಗಳು. “ಒಂದನ್ನಾದ್ರೂ ಮುಚ್ಚಿದಾನಾ ಪುಣ್ಯಾತ್ಮ! ನಮ್ಮ ಮೇಷ್ಟ್ರು ಕಂಡಿದ್ರೆ ಗಿಣ್ಣಿಗೆ ಬಾರಿಸ್ತಿದ್ರು.”

“ಬಟ್ ಇಟ್ಸ್ ಬ್ಯೂಟಿಫುಲ್, ಅಜ್ಜಿ.”

“ಅದೇ ಕಣೇ ನಂಗೆ ಹೊಟ್ಟೆಕಿಚ್ಚು,” ಎಂದ ಅತ್ತೆ ಮತ್ತೆ ಬಗ್ಗಿ ಬಹಳ ಹೊತ್ತು ನೋಡಿದರು. ಆಮೇಲೆ ನೆಟ್ಟಗೆ ನಿಂತು ಸೆರಗು ಸರಿಮಾಡಿಕೊಂಡರು.

“ಕೇಳೇ ಆ ಕಾವಲಿನವನನ್ನ, ಈ ಊರಲ್ಲಿ ಚಿನ್ನದ ರೇಕು ಎಲ್ಲಿ ಸಿಗತ್ತೆ ಅಂತ. ಒಳ್ಳೇ ಹಲಗೇನೂ ಒಂದು ಬೇಕು, ಸರಸ್ವತಿಗೆ.”